ಗೊತ್ತಿಲ್ಲದೆ ಆದ ಡಿಕ್ರಿ ರದ್ದಾಗಿದ್ದು ಹೀಗೆ

ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ತಮ್ಮನ ಬ್ಯಾಂಕ್ ಖಾತೆ ಇದ್ದಕ್ಕಿದ್ದಂತೆ ಜಪ್ತಿಯಾಯಿತು. ವಿಚಾರಿಸಿದರೆ, ಸಾಲ ಕೊಟ್ಟ ಫೈನಾನ್ಸ್‌ನವರು ದಾವೆ ಹಾಕಿ, ಏಕಪಕ್ಷೀಯ ಡಿಕ್ರಿ (ತಮ್ಮ ಹಾಜರಿಲ್ಲದೆ ಆದ ತೀರ್ಪು) ಪಡೆದು, ಅಮಲ್ಜಾರಿಗೂ, ಅಂದರೆ ಅದರಂತೆ ವಸೂಲಿ ಮಾಡಿಸಲೂ ಹೋಗಿದ್ದರು. ಸಮನ್ಸ್ ಬಂದಿದ್ದು ಅವನು ಬಿಟ್ಟ ಹಳೇ ಬಾಡಿಗೆ ಮನೆಗೆ. "ಬಾಗಿಲಿಗೆ ಏನೋ ಕಾಗದ ಅಂಟಿಸಿದ್ರಪ್ಪ, ಗಾಳಿಗೆ ಹಾರಿಹೋಯ್ತು" ಅಂದರು ಮನೆ ಮಾಲೀಕರು!

"ಜೈಲಿಗೆ ಹಾಕ್ತಾರಾ?" ಅನ್ನೋದೇ ಅವ್ವನ ಚಿಂತೆ. ಸುಮ್ನೆ ಹಾಗೆಲ್ಲ ಹಾಕಲ್ಲ. ಕಟ್ಟುವ ಶಕ್ತಿಯಿದ್ದೂ ಬೇಕಂತಲೇ ಕಟ್ಟದವರ ಮಾತು ಬೇರೆ.

ವಕೀಲರು ಮೊದಲು ಕೋರ್ಟಿನ ಕಡತ ನೋಡಿದರು. "ಮನೆಗೆ ಬೀಗ ಹಾಕಿದೆ, ಅಂಟಿಸಿದೆ" ಅಂತ ಸಮನ್ಸ್ ತಲುಪಿಸುವ ಕೋರ್ಟ್ ಅಮೀನರ ವರದಿ. ಸಮನ್ಸ್ ತಮ್ಮನ ಕೈ ಸೇರಿಲ್ಲ ಅನ್ನೋದಕ್ಕೆ ನಮಗೆ ಅದೇ ಆಸರೆಯಾಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಅಡಿ ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕಿ, ಹೊಸ ಮನೆಯ ಬಾಡಿಗೆ ಕರಾರು, ಕರೆಂಟ್ ಬಿಲ್ ಜೊತೆಗಿಟ್ಟೆವು. ಗಡುವು 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ ಲೆಕ್ಕ. ಅಮಲ್ಜಾರಿಗೆ ತಡೆ ಕೇಳಿ ಬೇರೆ ಅರ್ಜಿಯನ್ನೂ ಹಾಕಲೇಬೇಕು. ಇಲ್ಲಾಂದ್ರೆ ಇತ್ತ ವಿಚಾರಣೆ, ಅತ್ತ ಜಪ್ತಿ, ಎರಡೂ ನಡೀತಾ ಇರ್ತವೆ.

ಸ್ವಲ್ಪ ಹಣ ಠೇವಣಿ ಇಡಿಸಿಕೊಂಡು ಕೋರ್ಟು ಡಿಕ್ರಿ ರದ್ದು ಮಾಡಿತು. ಸಾಲವೇನೂ ಮಾಯವಾಗಲಿಲ್ಲ, ದಾವೆ ಮತ್ತೆ ಶುರುವಾಯಿತು ಅಷ್ಟೇ. ಆದರೆ ಈಗ ನಮ್ಮ ಮಾತಿಗೂ ಜಾಗ ಇತ್ತು. ಕಟ್ಟಿದ ಕೆಲವು ಕಂತು ಅವರ ಲೆಕ್ಕದಲ್ಲೇ ಇರಲಿಲ್ಲ. ರಸೀದಿ ತೋರಿಸಿದ ಮೇಲೆ ಬಡ್ಡಿಯಲ್ಲೂ ಇಳಿದು ಬಂದರು. ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ, ಹಾಗಾಗಿ ಕಂತಿನ ತಾರೀಖುಗಳನ್ನು ಗಟ್ಟಿಯಾಗಿ ಓದಿಸಿಯೇ ತಮ್ಮನ ಕೈಲಿ ಸಹಿ ಹಾಕಿಸಿದೆ.