ಮಾತ್ರೆ ಮುದ್ದೆಯ ಜೊತೆಗೆ ಬಂದ ಮೇಲೆ

ಮಂಡ್ಯ ಸೀಮೆಯ ಡಯಾಲಿಸಿಸ್ ಘಟಕವೊಂದರ ಆಹಾರತಜ್ಞೆಯಾದ ನಾನು, ಕೆಟ್ಟ ಮೂತ್ರಪಿಂಡ ಹೊರಹಾಕಲಾಗದೆ ರೋಗಿಗಳ ರಕ್ತದಲ್ಲಿ ಕೂಡಿ, ಮೂಳೆ ಸವೆಸಿ ತುರಿಕೆ ತರುವ ಫಾಸ್ಫರಸ್ ಇಳಿಸಲು ಎರಡು ವರ್ಷ ಹೆಣಗಿದೆ. ಮೊದಲ ವರ್ಷ ಪೂರ್ತಿ ಸೋಲು. ರಾಗಿ, ಬೇಳೆ, ಹಾಲು ಬೇಡವೆಂಬ ಪಟ್ಟಿಯನ್ನು ಎಲ್ಲರಂತೆ ನಾನೂ ಅಚ್ಚು ಹಾಕಿಸಿ ಹಂಚಿದೆ. ಜನ ಮುದ್ದೆ ಬಿಟ್ಟು ಅನ್ನ, ತಿಳಿಸಾರು ಉಂಡರು, ಪೋಷಣೆಯ ಸೂಚಕವಾದ ರಕ್ತದ ಪ್ರೋಟೀನ್ ಆಲ್ಬುಮಿನ್ 3.8ರಿಂದ 3.2ಕ್ಕೆ ಕುಸಿಯಿತು, ಫಾಸ್ಫರಸ್ ಮಾತ್ರ ಮಿತಿ ಮೀರಿ 6.8ರ ಆಸುಪಾಸಿನಲ್ಲೇ ನಿಂತಿತು.

ಕಾರಣ ಸಿಕ್ಕಿದ್ದು ಒಬ್ಬ ಅಜ್ಜಿಯ ಔಷಧಿ ಚೀಲದಲ್ಲಿ. ದಿನದ ಮೂರು ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆಗಳನ್ನೂ ಅವರು ಬೆಳಿಗ್ಗೆ ಬಿ.ಪಿ. ಮಾತ್ರೆಯೊಂದಿಗೆ ಖಾಲಿ ಹೊಟ್ಟೆಯಲ್ಲೇ ನುಂಗುತ್ತಿದ್ದರು. ಊಟದ ಫಾಸ್ಫರಸನ್ನು ಕರುಳಿನಲ್ಲಿ ಹಿಡಿಯಬೇಕಾದ ಔಷಧಿ, ಊಟವೇ ಇಲ್ಲದಾಗ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಅವರದು ಮಿತಿ ಮೀರಿ 10.9 ಆಗಿತ್ತು. ವಿಚಾರಿಸಿದರೆ 34 ಜನರಲ್ಲಿ 20ಕ್ಕೂ ಹೆಚ್ಚು ಮಂದಿಯದು ಇದೇ ಅಭ್ಯಾಸ.

ಎಲ್ಲರಿಗೂ ಸೆವೆಲಮರ್, ಅಂದರೆ ಕ್ಯಾಲ್ಸಿಯಂ ಇಲ್ಲದೆಯೇ ಫಾಸ್ಫರಸ್ ಹಿಡಿಯುವ ಮಾತ್ರೆ, ಕೊಡದೆ ದಾರಿಯಿಲ್ಲವೆಂದು ಘಟಕದ ಹಿರಿಯರು ವಾದಿಸಿದರು. ಆಗ ಮಾತ್ರೆಗೆ ಸುಮಾರು 18 ರೂಪಾಯಿ, ದಿನಕ್ಕೆ ಆರು ಎಂದರೆ ತಿಂಗಳಿಗೆ 3,000 ಮೀರುತ್ತಿತ್ತು. ಕೂಲಿಯ ಮನೆಗೆ ಅದು ಆಗದ ಮಾತು. ವೈದ್ಯರನ್ನು ಒಪ್ಪಿಸಿ, ಕ್ಯಾಲ್ಸಿಯಂ ಹೆಚ್ಚಿದ್ದವರಿಗಷ್ಟೇ ಅದನ್ನು ಉಳಿಸಿಕೊಂಡೆವು. ಉಳಿದವರಿಗೆ ತಿಂಡಿಗೆ ಒಂದು ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ, ಮುದ್ದೆಯೂಟಕ್ಕೆ ಎರಡು. ಎರಡನೆಯ ತುತ್ತಿನ ನಂತರ ನುಂಗಬೇಕು. ಮಾತ್ರೆಯ ಡಬ್ಬಿಯನ್ನು ದೇವರ ಗೂಡಿನಿಂದ ತೆಗೆಸಿ ಮುದ್ದೆಕೋಲಿನ ಪಕ್ಕ ಇಡಿಸಿದೆ.

ಮುದ್ದೆಯನ್ನು ಧೈರ್ಯವಾಗಿ ಮರಳಿ ಕೊಟ್ಟೆ. ರಾಗಿಯ ಫಾಸ್ಫರಸ್ ಬಹುಪಾಲು ನಮ್ಮ ಕರುಳು ಸುಲಭವಾಗಿ ಒಡೆಯಲಾರದ ಫೈಟೇಟ್ ರೂಪದಲ್ಲಿರುವುದರಿಂದ ಮೈಗೆ ಹತ್ತುವುದು ಹೆಚ್ಚೆಂದರೆ ಅರ್ಧದಷ್ಟು. ಕೋಲಾದಲ್ಲಿ ಮತ್ತು ಪ್ಯಾಕೆಟ್ ತಿನಿಸುಗಳಲ್ಲಿ ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ನಿಷೇಧವೇನಿದ್ದರೂ ಅವಕ್ಕೆ.

ನಡುವೆ ಬಸ್ಸಾರಿನ ಪ್ರಯೋಗವನ್ನೂ ಮಾಡಿದೆ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ (ಕಟ್ಟು) ಈ ರೋಗಿಗಳು ಮಿತಿಯಲ್ಲಿಡಬೇಕಾದ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಇಳಿದಿರುತ್ತವೆ, ಆ ಕಟ್ಟೇ ಸಾರಾಗುತ್ತದೆ. ಆದ್ದರಿಂದ ಪಲ್ಯ ರೋಗಿಗೆ, ಸಾರು ಮನೆಯವರಿಗೆ ಎಂದೆ. ಪೊಟ್ಯಾಸಿಯಂ ಚೆನ್ನಾಗಿಯೇ ಇಳಿಯಿತು, ಆದರೆ ಒಣ ಮುದ್ದೆ ಗಂಟಲಲ್ಲಿ ಇಳಿಯದೆ ಅರ್ಧದಷ್ಟು ಜನ ವಾರದಲ್ಲೇ ಕೈಬಿಟ್ಟರು. ಈಗ ತೆಳು ಮಜ್ಜಿಗೆಸಾರನ್ನು, ಅಂದು ಕುಡಿಯಬಹುದಾದ ನೀರಿನ ಲೆಕ್ಕಕ್ಕೆ ಸೇರಿಸಿ, ಸೂಚಿಸುತ್ತಿದ್ದೇನೆ.

ಐದು ತಿಂಗಳಲ್ಲಿ ಸರಾಸರಿ ಫಾಸ್ಫರಸ್ 5.3ಕ್ಕೆ ಬಂತು, ಆಲ್ಬುಮಿನ್ ಏರಿತು. ಮೂಳೆಯ ಕ್ಯಾಲ್ಸಿಯಂ ಕರಗಿಸುವ ಹಾರ್ಮೋನಾದ ಪಿ.ಟಿ.ಎಚ್. ಪರೀಕ್ಷೆಗೆ ಆಗ 1,200 ರೂಪಾಯಿ ಆಗುತ್ತಿದ್ದುದರಿಂದ ಆರು ತಿಂಗಳಿಗೊಮ್ಮೆ ಮಾಡಿಸಿ, ನಡುವೆ ಮೂಳೆಯ ಸ್ಥಿತಿಯ ಸುಳಿವು ಕೊಡುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ನೋಡಿದೆವು. ಅಜ್ಜಿಯ ಕ್ಯಾಲ್ಸಿಯಂ 9.6ಕ್ಕೆ ಇಳಿದಿದೆ, ತುರಿಕೆ ತಗ್ಗಿ ರಾತ್ರಿ ನಿದ್ದೆ ಬರುತ್ತಿದೆ. ಅಂದು ವಾದಿಸಿದ್ದ ಹಿರಿಯರೇ ಮೊನ್ನೆ ಇನ್ನೊಂದು ಘಟಕಕ್ಕಾಗಿ ನನ್ನ ವೇಳಾಪಟ್ಟಿಯನ್ನು ಕೇಳಿ ಪಡೆದರು.