ಹಗ್ಗಕ್ಕಿಂತ ಮೊದಲು ಸಲಿಕೆ

ಪುಣೆಯ ಸುತ್ತ ಕಾರುಗಳು ಕೆಸರಲ್ಲಿ ಹೂತುಹೋಗುವುದು ಮಳೆಗಾಲದಲ್ಲಿ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮುಳಶಿ, ತಾಮ್ಹಿಣಿ ಕಡೆಯಿಂದ ಜುಲೈ, ಆಗಸ್ಟ್‌ನಲ್ಲಿ ಗಾಡಿ ಎತ್ತಿಕೊಡಿ ಅಂತ ನಮಗೆ ಫೋನ್ ಬರುವುದು ನಿಜ. ಆದರೆ ಪವನಾ ಜಲಾಶಯದ ದಂಡೆಯಲ್ಲಿ ಚಳಿಗಾಲದಲ್ಲೂ ಸಿಕ್ಕಿಕೊಳ್ಳುತ್ತಾರೆ. ಟೆಂಟ್ ಹಾಕಲು ಬಂದವರು ನೀರಿನ ಹತ್ತಿರ ಹೋಗೋಣ ಅಂತ ಕಾರು ಇಳಿಸುತ್ತಾರೆ. ನೀರು ಹಿಂದೆ ಸರಿದ ಜಾಗದಲ್ಲಿ ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತದೆ. ಕೆಳಗಿನ ಹೂಳು ಮಾತ್ರ ಹಸಿಯಾಗೇ ಇರುತ್ತದೆ.

ಪುಣೆ ಪಕ್ಕದ ಚಿಂಚವಡದ ಸುತ್ತಮುತ್ತ ಇರುವ ನಾವು ಕೆಲವರು, ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದವರು, ರಜಾ ದಿನಗಳಲ್ಲಿ ಈ ಗಾಡಿಗಳನ್ನು ಎತ್ತಲು ಹೋಗುತ್ತೇವೆ. ದುಡ್ಡು ತಗೊಳ್ಳುವುದಿಲ್ಲ.

ಫೋನ್ ಬಂದ ತಕ್ಷಣ ನಾನು ಹೇಳುವುದು ಒಂದೇ: ಎಕ್ಸಲರೇಟರ್ ಒತ್ತಬೇಡಿ. ಚಕ್ರ ಸುಮ್ನೆ ತಿರುಗಿದಷ್ಟೂ ಗುಂಡಿ ಆಳವಾಗುತ್ತದೆ. ಕೊನೆಗೆ ಗಾಡಿಯ ಹೊಟ್ಟೆಯೇ ನೆಲಕ್ಕೆ ಕೂರುತ್ತದೆ. ಆಮೇಲೆ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಸ್ಥಳಕ್ಕೆ ಹೋದ ಮೇಲೂ ಮೊದಲು ಹಗ್ಗ ತೆಗೆಯುವುದಿಲ್ಲ, ಸಲಿಕೆ ತೆಗೆಯುತ್ತೇವೆ. ಹೋಗಬೇಕಾದ ದಿಕ್ಕಿನಲ್ಲಿ ಪ್ರತಿ ಚಕ್ರದ ಮುಂದೆ ಇಳಿಜಾರಾಗಿ ಅಗೆಯುತ್ತೇವೆ. ಗಾಡಿಯ ಅಡಿಯಲ್ಲಿ ತಾಗಿದ ಮಣ್ಣನ್ನೂ ತೆಗೆಯುತ್ತೇವೆ. ಟೈರಿನ ಗಾಳಿಯನ್ನು 18 ಪಿಎಸ್‌ಐವರೆಗೆ ಇಳಿಸುತ್ತೇವೆ. ಟೈರು ಉದ್ದಕ್ಕೆ ಹರಡಿಕೊಂಡು ಜಾಸ್ತಿ ನೆಲ ಹಿಡಿಯುತ್ತದೆ. ಚಕ್ರದ ಕೆಳಗೆ ಟ್ರಾಕ್ಷನ್ ಬೋರ್ಡ್ (ಚಕ್ರಕ್ಕೆ ಹಿಡಿತ ಕೊಡುವ ಹಲಗೆ), ಅದಿಲ್ಲದಿದ್ದರೆ ಕಲ್ಲು, ಗೋಣಿಚೀಲ. ಎಷ್ಟೋ ಕಾರುಗಳು ಇಷ್ಟಕ್ಕೇ ಹೊರಬರುತ್ತವೆ.

ಎಳೆಯಲೇಬೇಕು ಅಂತಾದರೆ ಕೊಕ್ಕೆ ಎಲ್ಲಿ ಹಾಕುತ್ತೇವೆ ಅನ್ನುವುದೇ ದೊಡ್ಡ ವಿಷಯ. ಬಂಪರ್‌ಗೆ, ಬುಲ್ ಗಾರ್ಡ್‌ಗೆ ಹಗ್ಗ ಕಟ್ಟಿದರೆ ಅವು ಕಿತ್ತು ಬರುತ್ತವೆ. ಗಾಡಿಯ ಟೂಲ್ ಕಿಟ್‌ನಲ್ಲಿ ಒಂದು ಕಬ್ಬಿಣದ ಬಳೆ ಇರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ತೆಗೆದು, ಒಳಗಿನ ತೂತಿಗೆ ಆ ಬಳೆಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಬೇಕು. ಕೆಲವು ಕಾರುಗಳಲ್ಲಿ ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಅದೂ ನೇರ ಎಳೆತಕ್ಕೆ ಮಾತ್ರ; ಪಕ್ಕದಿಂದ ಎಳೆದರೆ ಮುರಿಯಬಹುದು. ಗಾಡಿಯ ಹಿಂದೆ ಟ್ರೇಲರ್ ಕಟ್ಟುವ ಕಬ್ಬಿಣದ ಗುಂಡಿಗೆ (ಟೋ ಬಾಲ್) ಹಗ್ಗ ಸಿಕ್ಕಿಸಲು ನಾನು ಯಾರಿಗೂ ಬಿಡುವುದಿಲ್ಲ. ಅದು ಮುರಿದು ಹಾರಿ ಜನ ಸತ್ತ ಉದಾಹರಣೆಗಳಿವೆ.

ಎಳೆಯಲು ಕೈನೆಟಿಕ್ ಹಗ್ಗ ಬಳಸುತ್ತೇವೆ. ನೈಲಾನಿನ ಈ ಹಗ್ಗ ಸುಮಾರು 30% ಹಿಗ್ಗಿ ಮತ್ತೆ ಕುಗ್ಗುತ್ತದೆ. ಆ ಬಲಕ್ಕೇ ಗಾಡಿ ಮೆಲ್ಲಗೆ ಎದ್ದು ಬರುತ್ತದೆ. ಹಿಗ್ಗದ ಬೆಲ್ಟನ್ನೋ ಸರಪಳಿಯನ್ನೋ ಕಟ್ಟಿ ಓಡಿಬಂದು ಜಗ್ಗಿದರೆ ಯಾವುದೋ ಒಂದು ಕಡೆ ಮುರಿಯುತ್ತದೆ. ವಿಂಚ್ (ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ) ಬಳಸುವಾಗ ಹಗ್ಗದ ಮೇಲೆ ದಪ್ಪ ಕಂಬಳಿ ಹಾಕುತ್ತೇವೆ. ಹಗ್ಗ ಕಡಿದರೂ ಹಾರದೆ ನೆಲಕ್ಕೆ ಬೀಳಲಿ ಅಂತ.

ನನಗೆ ನಿಜವಾದ ಭಯ ಸುತ್ತ ನಿಂತ ಜನರದ್ದು. ಪವನಾದಲ್ಲಿ ಬೆಳಗಾವಿಯ ಒಂದು ಕುಟುಂಬದ ಕಾರು ಎಳೆಯುತ್ತಿದ್ದೆವು. ಮನೆಯ ಹಿರಿಯರು ಹಗ್ಗದ ಪಕ್ಕದಲ್ಲೇ ನಿಂತು ವಿಡಿಯೋ ಮಾಡುತ್ತಿದ್ದರು. “ಕಾಕಾ, ಅಲ್ಲಿ ನಿಂದರಬ್ಯಾಡ್ರಿ, ದೂರ ಸರೀರಿ” ಅಂದೆ. “ಏನಾಗೂದಿಲ್ಲ ಬಿಡ್ರಿ ತಮ್ಮಾ” ಅಂದರು. ನಾನು ಎಳೆಯುವುದನ್ನೇ ನಿಲ್ಲಿಸಿದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಅವರು ಹೋದ ಮೇಲೆಯೇ ಮತ್ತೆ ಶುರು ಮಾಡಿದ್ದು. ಬೇಜಾರಾದರೆ ಆಗಲಿ. ಕಾರು ನಾಳೆಯೂ ತೆಗೆಯಬಹುದು, ಅಲ್ವಾ?

ಭತ್ತದ ಗದ್ದೆಯಲ್ಲಿ ಸಿಕ್ಕಿಕೊಂಡ ಗಾಡಿಯಾದರೆ ಮೊದಲು ರೈತರನ್ನು ಹುಡುಕಿ ಮಾತಾಡುತ್ತೇವೆ. ಒಡೆದ ಬದುವನ್ನು ಕಟ್ಟಿಕೊಟ್ಟೇ ಹೊರಡುತ್ತೇವೆ. ಹಾಳಾದ ಸಸಿಗೆ ಗಾಡಿಯವರು ದುಡ್ಡು ಕೊಡಬೇಕು, ಇದರಲ್ಲಿ ನಾನು ಚೌಕಾಸಿಗೆ ಬಿಡುವುದಿಲ್ಲ. ಆಮೇಲೆ ಟೈರಿಗೆ ಮತ್ತೆ ಗಾಳಿ ತುಂಬಿಸಿ, ರಿಮ್ಮಿನ ಒಳಭಾಗವನ್ನು ನೀರಲ್ಲಿ ತೊಳೆಸುತ್ತೇವೆ. ಅಲ್ಲಿ ಕೆಸರು ಒಣಗಿ ಕೂತರೆ ಹೆದ್ದಾರಿಯಲ್ಲಿ ಸ್ಟೇರಿಂಗ್ ನಡುಗುತ್ತದೆ. ಡಾಂಬರು ರಸ್ತೆಗೆ ಬಂದ ಮೇಲೆ ನಿಧಾನಕ್ಕೆ ಒಂದೆರಡು ಸಲ ಬ್ರೇಕ್ ಹಾಕಿ ನೋಡಿ, ಸರಿಯಾಗಿ ಹಿಡಿದರೆ ಹೊರಡಿ ಅನ್ನುತ್ತೇವೆ.