ಮಾಲಕರಿಗೆ ಕಾಣುವ ಹಾರ್ಡ್‌ಡಿಸ್ಕ್ ಹುಡುಗನಿಗೆ ಯಾಕ ಕಾಣವಲ್ದು?

"ಅಣ್ಣಾರ, ಹಾರ್ಡ್‌ಡಿಸ್ಕ್ ಹೋತ್ರಿ! ಲೈಟ್ ಹತ್ತೈತಿ, ಒಳಗ ತಿರಗೂ ಸಪ್ಪಳಾನೂ ಬರ್ತೈತಿ, ಆದ್ರ ಕಂಪ್ಯೂಟರ್‌ನ್ಯಾಗ ಕಾಣವಲ್ದು."

ವಿಜಯಪುರದ ಒಂದು ಫೋಟೊ ಸ್ಟುಡಿಯೊದ ಹುಡುಗ ಫೋನಿನಲ್ಲಿ ಅಳುವುದೊಂದು ಬಾಕಿ. ಸಿದ್ಧೇಶ್ವರ ಜಾತ್ರೆಯ ಫೋಟೊಗಳು, ಕಾರ್ತಿಕದಲ್ಲಾದ ಎರಡು ಮದುವೆಗಳ ವಿಡಿಯೊ, ಎಲ್ಲ ಅದರೊಳಗೇ. ನಾನು ಹೋಗಿ ಮಾಲಕರ ಖಾತೆಯಿಂದ ಲಾಗಿನ್ ಆದೆ. ಅದೇ ಡಿಸ್ಕು, ಅದೇ ಕೇಬಲ್ಲು, ವಿಂಡೋಸ್ ಪ್ರತಿ ಡಿಸ್ಕಿಗೂ ಕೊಡುವ ಗುರುತಿನ ಅಕ್ಷರಗಳಲ್ಲಿ 'ಎಫ್' ಹೊತ್ತು ತಣ್ಣಗೆ ಕೂತಿತ್ತು. ಹುಡುಗನ ಖಾತೆಗೆ ಮರಳಿದರೆ ಮತ್ತೆ ಮಾಯ.

ವಿಂಡೋಸ್‌ನಲ್ಲಿ ಖಾತೆಗಳು ಎರಡು ಬಗೆ. ಅಡ್ಮಿನಿಸ್ಟ್ರೇಟರ್ ಖಾತೆಗೆ ಎಲ್ಲ ಅಧಿಕಾರ; ಸ್ಟ್ಯಾಂಡರ್ಡ್ ಖಾತೆ ಅಂದರೆ ಕೆಲಸ ಮಾಡು, ಸೆಟ್ಟಿಂಗ್ ಮುಟ್ಟಬೇಡ. ಅಂಗಡಿಯ ಹುಡುಗರಿಗೆ, ಮನೆಯ ಮಕ್ಕಳಿಗೆ ಎರಡನೆಯದು ಕೊಡುವುದೇ ಸರಿ. ಆದರೆ ಡಿಸ್ಕ್ ಕಾಣದಿದ್ದಾಗ ತಕರಾರು ಡಿಸ್ಕಿನದೋ ಖಾತೆಯದೋ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು.

ಕೇಬಲ್ಲಿನಿಂದ ಶುರುಮಾಡಿ. ಜೇಬಿನಲ್ಲಿ ಹಿಡಿಸುವ ಎರಡೂವರೆ ಇಂಚಿನ ಡಿಸ್ಕಿಗೆ ಕರೆಂಟು ಬರುವುದು ಯುಎಸ್‌ಬಿಯಿಂದಲೇ. ಹಳೆಯ 2.0 ಪೋರ್ಟು 500 ಮಿಲಿಆಂಪ್ ಕೊಡುತ್ತದೆ, ನೀಲಿ ಬಾಯಿಯ 3.0 ಪೋರ್ಟು 900. ಹಾಗಾಗಿ ಒಂದು ಪೋರ್ಟನ್ನು ಹಲವಾಗಿಸುವ ಹಬ್ ಬಿಡಿ, ಸಿಪಿಯು ಡಬ್ಬಿಯ ಮುಂದಿನ ಪೋರ್ಟ್ ಬಿಡಿ, ಹಿಂದಿನ ಪೋರ್ಟಿಗೆ ನೇರ ಚುಚ್ಚಿ. ಮೂರೂವರೆ ಇಂಚಿನ ದೊಡ್ಡ ಡಿಸ್ಕಾದರೆ ಅದರದೇ ಅಡಾಪ್ಟರ್ ಬೇಕೇ ಬೇಕು.

ಇಷ್ಟಾದ ಮೇಲೆ, ಅದೇ ಪೋರ್ಟಿನಲ್ಲೇ ಇಟ್ಟು, ಮಾಲಕರನ್ನು ಕರೆದು ಅವರ ಖಾತೆಯಿಂದ ಲಾಗಿನ್ ಆಗಲು ಹೇಳಿ. ಅಲ್ಲೂ ಕಾಣದಿದ್ದರೆ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಜೋಡಿಸಿದ ಡಿಸ್ಕುಗಳನ್ನೆಲ್ಲ ತೋರಿಸುವ ಈ ಕಿಟಕಿ ಸ್ಟ್ಯಾಂಡರ್ಡ್ ಖಾತೆಗೆ ತೆರೆಯುವುದಿಲ್ಲ. ಅಲ್ಲಿ ಡಿಸ್ಕ್ ಇದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಒಂದು ಅಕ್ಷರ ಕೊಟ್ಟರೆ ಮುಗೀತು. 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಮಾತ್ರ ಕೈ ಹಿಂದಕ್ಕೆ; ಒಪ್ಪಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ತಯಾರಾದ ಡಿಸ್ಕ್ ಕಂಡರೂ ವಿಂಡೋಸ್ ಇದನ್ನೇ ಕೇಳುತ್ತದೆ. ಅವಸರದಲ್ಲಿ 'ಹೂಂ' ಅಂದವರ ಗೋಳು ನಾನು ಬೇಕಾದಷ್ಟು ಕೇಳಿದ್ದೇನೆ.

ಮಾಲಕರಿಗೆ ಕಂಡು ಹುಡುಗನಿಗೆ ಕಾಣದಿದ್ದರೆ ಡಿಸ್ಕಿನ ಚಿಂತೆ ಬಿಡಿ. ಈಗ ಖಾತೆಯ ಒಳಗೆ ಹುಡುಕಬೇಕು.

ನಮ್ಮ ಸ್ಟುಡಿಯೊದಲ್ಲಿ ಆಗಿದ್ದು ಅಕ್ಷರದ ಜಗಳ. ಪ್ರಿಂಟ್ ತೆಗೆಯುವ ಕಂಪ್ಯೂಟರಿನ ಒಂದು ಫೋಲ್ಡರನ್ನು ಹುಡುಗನ ಖಾತೆಗೆ ನೆಟ್‌ವರ್ಕ್ ಡ್ರೈವ್ ಮಾಡಿ ಜೋಡಿಸಿದ್ದರು, ಅದಕ್ಕೆ 'ಎಫ್' ಅಂತ ಅಕ್ಷರ ಕೊಟ್ಟಿದ್ದರು. ಈ ಜೋಡಣೆ ಆಯಾ ಖಾತೆಗಷ್ಟೇ ಸೇರಿದ್ದು, ಮಾಲಕರ ಖಾತೆಯಲ್ಲಿ ಅದರ ಸುಳಿವೇ ಇಲ್ಲ. ಯುಎಸ್‌ಬಿ ಡಿಸ್ಕಿನ ಅಕ್ಷರ ಹಾಗಲ್ಲ, ಅದು ಇಡೀ ಯಂತ್ರಕ್ಕೆ ಒಂದೇ. ವಿಂಡೋಸ್ ಆ ಡಿಸ್ಕಿಗೂ 'ಎಫ್' ಕೊಟ್ಟುಬಿಟ್ಟಿತ್ತು. ಒಂದೇ ಕುರ್ಚಿಗೆ ಇಬ್ಬರು. ಹುಡುಗನ ಖಾತೆಯಲ್ಲಿ ಮೊದಲೇ ಕೂತಿದ್ದ ನೆಟ್‌ವರ್ಕ್ ಫೋಲ್ಡರು ಏಳಲಿಲ್ಲ, ಡಿಸ್ಕು ಅದರ ಹಿಂದೆ ಮರೆಯಾಯಿತು.

ಇದನ್ನು ಪತ್ತೆ ಹಚ್ಚಲು ಮಾಲಕರ ಪಾಸ್‌ವರ್ಡ್ ಬೇಕಿಲ್ಲ. ಹುಡುಗನ ಖಾತೆಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ 'ನೆಟ್ ಯೂಸ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ನೆಟ್‌ವರ್ಕ್ ಜೋಡಣೆಗಳ ಪಟ್ಟಿ ಬರುತ್ತದೆ. ಮಾಲಕರ ಖಾತೆಯಲ್ಲಿ ಡಿಸ್ಕಿಗಿರುವ ಅಕ್ಷರವೇ ಈ ಪಟ್ಟಿಯಲ್ಲೂ ಇದ್ದರೆ ಕಳ್ಳ ಸಿಕ್ಕಂತೆ. ಪರಿಹಾರಕ್ಕೆ ಮಾಲಕರು ಬೇಕು: ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಡಿಸ್ಕಿನ ಮೇಲೆ ಬಲ ಕ್ಲಿಕ್, 'ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್', ಆಮೇಲೆ 'ಆರ್' ಅಥವಾ 'ಟಿ'ಯಂಥ ಯಾರೂ ಮುಟ್ಟದ ಅಕ್ಷರ. ಆ ಯಂತ್ರ ಮುಂದೆಯೂ ಅದೇ ಅಕ್ಷರವನ್ನು ನೆನಪಿಟ್ಟುಕೊಳ್ಳುತ್ತದೆ. ಒಂದು ಸಣ್ಣ ಉಪದ್ರವ ಇದೆ: ವಿಡಿಯೊ ಎಡಿಟಿಂಗ್ ತಂತ್ರಾಂಶ 'ಎಫ್'ನಲ್ಲಿದ್ದ ಫೈಲು ಎಲ್ಲಿ ಹೋಯಿತು ಎಂದು ಕೇಳಬಹುದು. ಹೊಸ ಜಾಗ ತೋರಿಸಿದರೆ ಸುಮ್ಮನಾಗುತ್ತದೆ.

ಪಟ್ಟಿಯಲ್ಲಿ ಅಂಥದ್ದೇನೂ ಇಲ್ಲವೆ? ಹಾಗಾದರೆ ಹುಡುಗನ ಖಾತೆಯಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ವಿಳಾಸದ ಪಟ್ಟಿಯಲ್ಲಿ ಡಿಸ್ಕಿನ ಅಕ್ಷರ, ಅದರ ಮುಂದೆ ಕೋಲನ್ ಒತ್ತಿ ಎಂಟರ್ ಕೊಡಿ. ಡಿಸ್ಕ್ ತೆರೆದುಕೊಂಡರೆ ಅದನ್ನು ಬರೀ ಬಚ್ಚಿಟ್ಟಿದ್ದಾರೆ, ಬೀಗ ಹಾಕಿಲ್ಲ. ಈ ಕಂಪ್ಯೂಟರಿನಲ್ಲಿ ನಿರ್ಬಂಧ ಇರುವುದರಿಂದ ಕೆಲಸ ರದ್ದಾಗಿದೆ ಎಂಬ ಸಂದೇಶ ಬಂದರೆ ಬೀಗವೂ ಬಿದ್ದಿದೆ. ಇವೆರಡೂ ಗ್ರೂಪ್ ಪಾಲಿಸಿಯ ಕೆಲಸ, ಅಂದರೆ ಯಾವ ಖಾತೆ ಏನು ಮಾಡಬಹುದು ಎಂದು ವಿಂಡೋಸ್‌ನಲ್ಲಿ ಹಾಕಿಟ್ಟ ಕಟ್ಟಳೆಗಳದು. ವಿಂಡೋಸ್ ಪ್ರೊ ಇದ್ದರೆ ಮಾಲಕರು ಪಾಲಿಸಿ ಎಡಿಟರ್ ತೆರೆದು ಯೂಸರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ಫೈಲ್ ಎಕ್ಸ್‌ಪ್ಲೋರರ್ ಎಂದು ಇಳಿಯುತ್ತ ಹೋಗಿ ಡ್ರೈವ್ ಅಡಗಿಸುವ, ತಡೆಯುವ ಎರಡು ಪಾಲಿಸಿಗಳನ್ನು 'ನಾಟ್ ಕಾನ್ಫಿಗರ್ಡ್'ಗೆ ತರಬೇಕು.

ಅಲ್ಲಿ ಎಲ್ಲ ಸ್ವಚ್ಛವಾಗಿ ಕಂಡು ಡಿಸ್ಕ್ ಮಾತ್ರ ಬರದೇ ಇದ್ದರೆ ಅನೇಕರು ಇಲ್ಲೇ ಸೋಲುತ್ತಾರೆ. ಅಡ್ಮಿನ್ ಅಲ್ಲದವರಿಗೆ ಮಾತ್ರ ಅನ್ವಯಿಸುವ ಬೇರೆಯೇ ಪಾಲಿಸಿ ಕಡತ ಇರುತ್ತದೆ, ಅದು ಮಾಮೂಲಿ ಎಡಿಟರಿನಲ್ಲಿ ತೋರುವುದಿಲ್ಲ. ರನ್ ಡಬ್ಬಿಯಲ್ಲಿ 'ಎಂಎಂಸಿ' ಕೊಟ್ಟು, ಆ ಕಿಟಕಿಗೆ ಗ್ರೂಪ್ ಪಾಲಿಸಿ ಸ್ನ್ಯಾಪ್-ಇನ್ (ಜೋಡಿಸುವ ಸಲಕರಣೆ) ಸೇರಿಸುವಾಗ 'ಬ್ರೌಸ್' ಒತ್ತಿ, 'ಯೂಸರ್ಸ್' ಟ್ಯಾಬಿನಲ್ಲಿ 'ನಾನ್-ಅಡ್ಮಿನಿಸ್ಟ್ರೇಟರ್ಸ್' ಆರಿಸಿಕೊಂಡರೆ ಅದು ಬಯಲಾಗುತ್ತದೆ. ಅಲ್ಲೇ 'ಸಿಸ್ಟಮ್' ಅಡಿಯಲ್ಲಿರುವ 'ರಿಮೂವಬಲ್ ಸ್ಟೋರೇಜ್ ಆಕ್ಸೆಸ್' ಅನ್ನೂ ಒಮ್ಮೆ ನೋಡಿ.

ಇದೆಲ್ಲ ಸ್ವಂತ ಅಂಗಡಿ, ಸ್ವಂತ ಮನೆಯ ಮಾತು. ಬ್ಯಾಂಕು, ಸರ್ಕಾರಿ ಕಚೇರಿಯ ಯಂತ್ರಗಳಲ್ಲಿ ಯುಎಸ್‌ಬಿ ತಡೆದಿರುವುದು ಬೇಕಂತಲೇ. ಅಲ್ಲಿ ಜಾಣತನ ತೋರಿಸಲು ಹೋಗದೆ ಕಂಪ್ಯೂಟರ್ ವಿಭಾಗಕ್ಕೆ ಒಂದು ಚೀಟಿ ಬರೆದು ಕೊಡಿ.

ಇನ್ನು ಡಿಸ್ಕ್ ಕಾಣುತ್ತದೆ, ಒತ್ತಿದರೆ 'ಆಕ್ಸೆಸ್ ಡಿನೈಡ್' ಅನ್ನುತ್ತದೆ ಎಂದಾದರೆ ಅದು ಎನ್‌ಟಿಎಫ್‌ಎಸ್ ಡಿಸ್ಕಿನ ಅನುಮತಿಯ ವಿಷಯ. ಎನ್‌ಟಿಎಫ್‌ಎಸ್ ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ. ಮಾಲಕರು ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬಿಗೆ ಹೋಗಿ 'ಯೂಸರ್ಸ್' ಗುಂಪು ಸೇರಿಸಿ 'ಮಾಡಿಫೈ' ಕೊಟ್ಟರೆ ಸಾಕು, 'ಫುಲ್ ಕಂಟ್ರೋಲ್' ಬೇಡ. ಫೈಲು ಬಹಳ ಇದ್ದರೆ ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿದೀತು, ನಡುವೆ ಡಿಸ್ಕ್ ಕೀಳಬೇಡಿ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಪದ್ಧತಿಯ ಡಿಸ್ಕುಗಳಲ್ಲಿ ಈ ಅನುಮತಿಯ ರಗಳೆಯೇ ಇಲ್ಲ.

ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಬಳಸುವವರ ಕಥೆ ಚಿಕ್ಕದು. ಡಿಸ್ಕ್ ಚುಚ್ಚಿದಾಗ ಯಾರು ಲಾಗಿನ್ ಆಗಿದ್ದರೋ ಅವರ ಹೆಸರಿನ ಫೋಲ್ಡರಿನಲ್ಲಿ ಅದು ತೆರೆದುಕೊಳ್ಳುತ್ತದೆ, ಬೇರೆಯವರಿಗೆ ಅಲ್ಲಿ ಪ್ರವೇಶವಿಲ್ಲ. ಮಾಲಕರು ತಮ್ಮ ಖಾತೆಯಿಂದ ಇಜೆಕ್ಟ್ ಮಾಡಿ ಲಾಗೌಟ್ ಆಗಲಿ, ಹುಡುಗ ತನ್ನ ಖಾತೆಯಲ್ಲಿ ಕೂತು ಮತ್ತೆ ಚುಚ್ಚಲಿ.

ಸ್ಟುಡಿಯೊದಲ್ಲಿ ಕೆಲಸ ಮುಗಿದ ಮೇಲೆ ಮಾಲಕರಿಗೆ ಬೇಸರ. "ಸುಮ್ನ ನನ್ನ ಪಾಸ್‌ವರ್ಡ್ ಅವಂಗ ಕೊಟ್ಟುಬಿಡ್ಲೇನ್ರಿ? ಪದೇ ಪದೇ ಯಾರು ಎದ್ದು ಬರ್ತಾರ?" ಬೇಡ್ರಿ ಸಾಹೇಬ್ರ, ಅಂದೆ. ಹೋದ ವರ್ಷ ಗಿರಾಕಿಯ ಪೆನ್‌ಡ್ರೈವಿನಿಂದ ಬಂದ ವೈರಸ್ಸು ಫೋಲ್ಡರನ್ನೆಲ್ಲ ಶಾರ್ಟ್‌ಕಟ್ ಮಾಡಿ ಮೂರು ದಿನ ಅಂಗಡಿ ಕೆಡಿಸಿದ್ದು ಅವರಿಗೂ ನೆನಪಾಯಿತೇನೋ, ಮತ್ತೆ ಮಾತೆತ್ತಲಿಲ್ಲ. ಅಷ್ಟರಲ್ಲಿ ಹುಡುಗ ಒಂದು ಚೂರು ಬಿಳಿ ಟೇಪಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ 'ಆರ್' ಎಂದು ಬರೆದು ಡಿಸ್ಕಿನ ಬೆನ್ನಿಗೆ ಅಂಟಿಸುತ್ತಿದ್ದ.